ತಾರೀಖು ಬರೆಸಿಕೊಳ್ಳದೆ ಎದ್ದು ಬರಬೇಡಿ

"ನೀರಿಗೂ ಕೋರ್ಟಿಗೆ ಹೋಗಬಹುದೇನ್ರಿ ಅಕ್ಕಾ?"

ನಮ್ಮ ಕಡೆ ಇದನ್ನು ಕೇಳುವವರು ಈಗಲೂ ಬಹಳ. ಹೊಲದ ಬದುವಿಗೆ ಕೋರ್ಟು, ಪಾಲಿಗೆ ಕೋರ್ಟು, ಜೀವನಾಂಶಕ್ಕೆ ಕೋರ್ಟು. ಇದೆಲ್ಲ ಎಲ್ಲರಿಗೂ ಗೊತ್ತು. ಆದರೆ ನಳಕ್ಕೆ ನೀರು ಬರದಿದ್ದರೆ, ಗಟಾರ ತುಂಬಿ ಹೊಸ್ತಿಲ ಒಳಗೆ ಬಂದರೆ ಮೊದಲು ಮೆಂಬರ್ ಮನೆಗೆ ಹೋಗುತ್ತಾರೆ. "ಆತು ನೋಡೋಣ" ಅನ್ನುತ್ತಾರೆ ಅವರು. ಅಲ್ಲಿಂದ ಪಂಚಾಯ್ತಿ ಆಫೀಸು. ಅಲ್ಲಿ ಅನುದಾನ ಬಂದಿಲ್ಲ. ಅಷ್ಟಕ್ಕೆ ಕೊಡ ಹೊತ್ತು ಮತ್ತೆ ಮುಂದಿನೂರಿಗೆ.

ಹೋಗಬಹುದು. ಕೈಯಿಂದ ದುಡ್ಡು ಹಾಕದೆ ಹೋಗಬಹುದು. ನಾನು ರಾಯಚೂರು ಜಿಲ್ಲೆಯ ಒಂದು ತಾಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಉಚಿತ ಕಾನೂನು ನೆರವು ಕೊಡುವ ತಾಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲೂ ಇದ್ದೇನೆ. ಹಾಗಾಗಿ ನೀರು, ಗಟಾರ, ಪಾಯಖಾನೆಯ ಅರ್ಜಿಗಳು ನನ್ನ ಟೇಬಲ್ಲಿಗೆ ಬರುತ್ತವೆ. ಬೇಸಿಗೆಯಲ್ಲಿ ಜಾಸ್ತಿ. ಬಂದವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ರಾಯಚೂರಿನಲ್ಲಿ ನೀರಿಗೆ ತಾಪತ್ರಯ ಅಂದರೆ ಹೊರಗಿನವರು ನಂಬುವುದಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ಸೀಮೆ ನಮ್ಮದು. ಆದರೆ ಸಿಂಧನೂರಿನ ಕಡೆ ಭತ್ತದ ಗದ್ದೆಗಳನ್ನು ತುಂಬಿಸುವ ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿರವಾರ ದಾಟಿ ರಾಯಚೂರಿನ ಕಡೆ ಬರುವಷ್ಟರಲ್ಲಿ ಸಣಕಲಾಗಿರುತ್ತದೆ. ಟೇಲೆಂಡ್, ಅಂದರೆ ಕಾಲುವೆಯ ಕೊನೆಯ ಊರುಗಳಿಗೆ ಅದು ಬರೀ ಬೆಳೆಯ ವಿಷಯವಲ್ಲ. ನೀರು ಹರಿಯುವಾಗ ಊರಿನ ಕೆರೆ ತುಂಬಿಸಿಕೊಳ್ಳಬೇಕು. ಕಾಲುವೆ ಬಂದಾದ ಮೇಲೆ ಬೇಸಿಗೆ ಪೂರ್ತಿ ಅದನ್ನೇ ಕುಡಿಯಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ನಮ್ಮ ಬಾರ್ ರೂಮಿನಲ್ಲಿ ಬಹಳ ದಿನ ಬೇರೆ ಮಾತೇ ಇರಲಿಲ್ಲ. ಎರಡನೇ ಬೆಳೆ ಹೋದರೆ ಹೋಗಲಿ, ಕೆರೆಗೆ ನೀರು ಬರುತ್ತೋ ಇಲ್ವೋ ಅನ್ನುವ ಚಿಂತೆ ಎಲ್ಲರಿಗೂ.

ಬೋರು ಕೊರೆಸಿದರೆ ಸವಳು. ಸವಳಿಲ್ಲದ ಕಡೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೊಣಕಾಲು ಮಡಚಲು ಬರುವುದಿಲ್ಲ. ಸಾಕ್ಷಿಕಟ್ಟೆ ಹತ್ತಲಾಗದೆ ಕೆಳಗೆ ನಿಂತೇ ಹೇಳಿಕೆ ಕೊಡುವ ಹಿರಿಯರನ್ನು ನಾನು ನೋಡಿದ್ದೇನೆ. ಅವರ ಕೇಸು ಹೊಲದ್ದೇ ಇರಬಹುದು, ಮೈಯಲ್ಲಿ ಇರುವುದು ನೀರಿನ ಕಥೆ. ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತ ಅಂತರ್ಜಲದಲ್ಲಿ ಆರ್ಸೆನಿಕ್ ಕೂಡ ಸಿಕ್ಕಿದೆ.

ಹಳ್ಳಿಯ ಮಾತು ಬಿಡಿ. 2022ರಲ್ಲಿ ಮೇ ಕೊನೆಯಿಂದ ಜೂನ್‌ವರೆಗೆ ರಾಯಚೂರು ನಗರದಲ್ಲೇ ನಳದ ನೀರು ಕುಡಿದು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಜೀವ ಬಿಟ್ಟರು. ಸರ್ಕಾರ ತನಿಖೆಗೆ ಆದೇಶ ಕೊಟ್ಟಿತು, ಪರಿಹಾರ ಘೋಷಿಸಿತು. ಮರುವರ್ಷ ದೇವದುರ್ಗ ತಾಲೂಕಿನ ರೇಕಲಮರಡಿಯಿಂದ ಅಂಥದೇ ಸುದ್ದಿ. ಆಮೇಲೆ ಕೊಪ್ಪಳ ಜಿಲ್ಲೆಯ ಹಳ್ಳಿಗಳಿಂದ. ಸತ್ತ ಮೇಲೆ ಬರುವ ಪರಿಹಾರವನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ನೀರಿನ ವಿಷಯದಲ್ಲಿ ಕಾನೂನಿನ ಕೆಲಸ ಸಾವಿಗೆ ಮುಂಚೆಯೇ ಶುರುವಾಗಬೇಕು, ಅಲ್ವಾ?

ಕಾನೂನಿನಲ್ಲಿ ದೊಡ್ಡ ಮಾತಿಗೆ ಕೊರತೆ ಇಲ್ಲ. ಸಂವಿಧಾನದ 21ನೇ ವಿಧಿ ಜೀವಿಸುವ ಹಕ್ಕು ಕೊಡುತ್ತದೆ. ನೀರು ಎಂಬ ಶಬ್ದ ಅದರಲ್ಲಿಲ್ಲ. ಅದನ್ನು ಅದರೊಳಗೆ ಓದಿ ತೋರಿಸಿದ್ದು ನ್ಯಾಯಾಲಯಗಳು. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ, ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬೊಕಾರೊ ನದಿಗೆ ಕಲ್ಲಿದ್ದಲು ತೊಳೆದ ನೀರು ಬಿಡುತ್ತಾರೆ ಎಂಬ ದೂರು ಅದು. ಅರ್ಜಿದಾರರಿಗೆ ಸ್ವಂತ ಹಿತಾಸಕ್ತಿ ಇದೆ ಎಂದು ಕೋರ್ಟು ಅರ್ಜಿಯನ್ನು ವಜಾ ಮಾಡಿ ದಂಡವನ್ನೂ ಹಾಕಿತು. ಅರ್ಜಿ ಬಿತ್ತು, ಆ ಒಂದು ವಾಕ್ಯ ನಿಂತಿತು. ಇವತ್ತಿಗೂ ನೀರಿನ ಕೇಸು ಹಾಕುವ ಪ್ರತಿಯೊಬ್ಬ ವಕೀಲ ಅದನ್ನೇ ಮೊದಲು ಬರೆಯುತ್ತಾನೆ. 2014ರಲ್ಲಿ ಬಾಂಬೆ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮುಂಬೈಯ ಪಾನಿ ಹಕ್ ಸಮಿತಿಯ ಅರ್ಜಿ ಅದು. ಮನೆ ಅನಧಿಕೃತ ಎಂಬ ಕಾರಣಕ್ಕೆ ಅಲ್ಲಿ ಇರುವವರಿಗೆ ಕುಡಿಯುವ ನೀರು ನಿರಾಕರಿಸುವಂತಿಲ್ಲ ಎಂದಿತು. ನಮ್ಮಲ್ಲಿ ಊರ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡ ಕೂಲಿಯವರಿಗೆ "ನಿಮ್ಮ ಮನೆಗೆ ನಂಬರ್ ಇಲ್ಲ, ನಳ ಕೊಡಲ್ಲ" ಎಂದವರಿಗೆ ನಾನು ಈ ತೀರ್ಪನ್ನೇ ತೋರಿಸುತ್ತೇನೆ.

ಇದೆಲ್ಲ ಸರಿ. ಆದರೆ ದಿಲ್ಲಿಯ ಆ ಮಾತು ಮಾನ್ವಿ ತಾಲೂಕಿನ ಒಂದು ಓಣಿಗೆ ಇಳಿಯುವುದು ಹೇಗೆ?

ರಿಟ್, ಅಂದರೆ ನೇರ ಹೈಕೋರ್ಟಿಗೇ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯವರು ಕಲಬುರಗಿ ಪೀಠಕ್ಕೆ ಹೋಗಬೇಕು. ದೊಡ್ಡ ಯೋಜನೆ ನಿಂತುಹೋಗಿದ್ದರೆ, ಇಡೀ ತಾಲೂಕಿನ ವಿಷಯವಾದರೆ ಅದೇ ದಾರಿ. ಒಂದು ಊರಿನ ಒಂದು ನೀರಿನ ಘಟಕ, ಒಂದು ಗಟಾರ ಅಂದರೆ ಹತ್ತಿರದಲ್ಲೇ ದಾರಿಗಳಿವೆ. ಜನ ಅವನ್ನು ಬಳಸುವುದೇ ಇಲ್ಲ ಎಂಬುದು ನನ್ನ ಕೊರಗು.

ಮೊದಲನೆಯದು ನನಗೆ ಬಹಳ ಇಷ್ಟವಾದ ಕೇಸಿನಿಂದ ಬಂದದ್ದು. ಮಧ್ಯಪ್ರದೇಶದ ರತ್ಲಾಂ ಊರಿನ 12ನೇ ವಾರ್ಡ್. ರಸ್ತೆಯ ಪಕ್ಕ ತೆರೆದ ಗಟಾರ. ಮದ್ಯಸಾರದ ಕಾರ್ಖಾನೆಯ ನಾರುವ ನೀರು ಬೀದಿಗೆ ಬರುತ್ತಿತ್ತು. ಪಾಯಖಾನೆ ಇಲ್ಲದೆ ಬಡವರು ಆ ಗಟಾರದ ದಂಡೆಗೇ ಕೂರಬೇಕಿತ್ತು. ವಾರ್ಡಿನವರು ಹೈಕೋರ್ಟಿಗೂ ಹೋಗಲಿಲ್ಲ, ಸುಪ್ರೀಂ ಕೋರ್ಟಿಗೂ ಹೋಗಲಿಲ್ಲ. ಉಪವಿಭಾಗದ ಮ್ಯಾಜಿಸ್ಟ್ರೇಟರ ಮುಂದೆ ನಿಂತರು. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿ, ಜನರಿಗೆ ತೊಂದರೆ ಕೊಡುವುದನ್ನು ತೆಗೆಸಿ ಎಂದು ಆದೇಶ ಮಾಡುವ ಅಧಿಕಾರ ಅವರಿಗಿತ್ತು. ಅವರು ಮಾಡಿದರು. ಪುರಸಭೆ "ನಮ್ಮ ಹತ್ತಿರ ದುಡ್ಡಿಲ್ಲ" ಎಂದು ಮೇಲಿನ ಕೋರ್ಟುಗಳನ್ನು ಹತ್ತುತ್ತಾ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಆ ಮಾತನ್ನು ಒಪ್ಪಲಿಲ್ಲ. ದುಡ್ಡಿಲ್ಲ ಎಂದು ಹೇಳಿ ಪುರಸಭೆ ತನ್ನ ಮೊದಲ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಪಾಯಖಾನೆ ಕಟ್ಟಬೇಕು, ಅದಕ್ಕೆ ನೀರು ಕೊಡಬೇಕು, ಬೆಳಗ್ಗೆ ಸಂಜೆ ಸ್ವಚ್ಛ ಮಾಡಿಸಬೇಕು, ಇಷ್ಟು ತಿಂಗಳಲ್ಲಿ ಮುಗಿಸಬೇಕು ಎಂದು ಬರೆಯಿತು. ನಾನು ಆ ತೀರ್ಪು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಭಾಗ. ದೇಶದ ಅತಿ ದೊಡ್ಡ ಕೋರ್ಟು ಕೂತು ಪಾಯಖಾನೆಗೆ ದಿನಕ್ಕೆ ಎಷ್ಟು ಸಲ ಪೊರಕೆ ಬೀಳಬೇಕು ಎಂದು ಯೋಚಿಸಿತ್ತು.

ಆ 133 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152. 2024ರ ಜುಲೈ 1ರಿಂದ ಹೊಸ ನಂಬರು, ಅಧಿಕಾರ ಅದೇ. ನಮ್ಮ ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎಂದು ಎರಡು ಉಪವಿಭಾಗಗಳಿವೆ. ಎರಡರಲ್ಲೂ ಸಹಾಯಕ ಆಯುಕ್ತರೇ ಆ ಮ್ಯಾಜಿಸ್ಟ್ರೇಟರು. ಎ.ಸಿ. ಸಾಹೇಬರು ಅಂದರೆ ಭೂಮಿಯ ತಕರಾರು ನೋಡುವವರು ಎಂದಷ್ಟೇ ಜನ ತಿಳಿದಿದ್ದಾರೆ. ಗಟಾರದ ನೀರು ಕುಡಿಯುವ ನೀರಿನ ಪೈಪಿಗೆ ಸೇರುತ್ತಿದೆ ಎಂದು ಒಂದು ಅರ್ಜಿ, ನಾಲ್ಕು ಫೋಟೋ, ಓಣಿಯವರ ಸಹಿ ಇದ್ದರೆ ಅವರು ಷರತ್ತಿನ ಆದೇಶ ಕೊಡಬಹುದು. ಇಷ್ಟು ದಿನದಲ್ಲಿ ಸರಿ ಮಾಡಿ, ಇಲ್ಲವೇ ಬಂದು ಕಾರಣ ಹೇಳಿ ಎಂದು. ಹಾಗೆ ಸರಿಯಾಗಿ ಹೊರಟ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನೆ ಮಾಡುವಂತಿಲ್ಲ. ಒಂದು ಪಟ್ಟಣದ ಗಟಾರದ ವಿಷಯಕ್ಕೆ ನಾವು ಹೀಗೆ ಹಾಕಿದ್ದ ಅರ್ಜಿಯಲ್ಲಿ ಕಾರಣ ಹೇಳುವ ದಿನ ಬರುವ ಮೊದಲೇ ಜೆಸಿಬಿ ಬಂದು ಹೂಳು ಎತ್ತಿತು. ಅದಕ್ಕೂ ಮುಂಚೆ ಓಣಿಯವರು ಕೊಟ್ಟ ಮನವಿಗಳ ಕಟ್ಟು ನನ್ನ ಫೈಲಿನಲ್ಲಿ ಇನ್ನೂ ಇದೆ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಎರಡನೆಯ ದಾರಿ ಲೋಕ ಅದಾಲತ್, ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಕೋರ್ಟು. ಇದರ ಬಗ್ಗೆ ಒಂದು ಊರಿನ ಕಥೆ ಹೇಳಲೇಬೇಕು. ಊರಿನ ಹೆಸರು ಬರೆಯುವುದಿಲ್ಲ. ಆ ಹೆಣ್ಣುಮಕ್ಕಳು ಅಲ್ಲೇ ಬಾಳಬೇಕು.

ಊರಿನ ಬೋರಿನಲ್ಲಿ ಫ್ಲೋರೈಡ್ ಮಿತಿ ದಾಟಿತ್ತು. ಅದಕ್ಕೇ ಸರ್ಕಾರ ಶುದ್ಧ ಕುಡಿಯುವ ನೀರಿನ ಘಟಕ ಕೊಟ್ಟಿತ್ತು. ಊರಿನವರ ಬಾಯಲ್ಲಿ ಅದು ಫಿಲ್ಟರ್. ಐದು ರೂಪಾಯಿಗೆ 20 ಲೀಟರ್. ಒಂದು ಬೇಸಿಗೆಯಲ್ಲಿ ಅದು ನಿಂತಿತು. ಮೊದಲು ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಹೋಗಿದೆ ಅಂದರು. ಆಮೇಲೆ ಮೋಟಾರು. ಆಮೇಲೆ ಏಜೆನ್ಸಿಯ ನಿರ್ವಹಣೆ ಅವಧಿ ಮುಗಿದಿದೆ ಅಂದರು. ಶೆಡ್ಡಿಗೆ ಬೀಗ ಬಿತ್ತು. ಇದ್ದವರು ಟಂಟಂನಲ್ಲಿ ಬರುವ ನೀರಿನ ಕ್ಯಾನ್ ಕೊಂಡರು. ಇಲ್ಲದವರು ಬೋರಿನ ನೀರನ್ನೇ ಕುಡಿದರು. ಕುದಿಸಿದರೆ ಸರಿ ಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇದನ್ನು ಮಾತ್ರ ದಯವಿಟ್ಟು ನಿಮ್ಮ ಮನೆಯಲ್ಲೂ ಹೇಳಿ.

ಸ್ವಸಹಾಯ ಸಂಘದ ಹೆಂಗಸರು ಬಂದು ಕೇಳಿದಾಗ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದೆವು. ಕೇಸು ದಾಖಲಾಗುವ ಮುಂಚಿನ ಹಂತದಲ್ಲೇ, ಅಂದರೆ ವ್ಯಾಜ್ಯಪೂರ್ವ ಪ್ರಕರಣವಾಗಿ, ಪಂಚಾಯ್ತಿಗೆ ನೋಟಿಸ್ ಹೋಯಿತು. ಕೋರ್ಟ್ ಫೀ ಇಲ್ಲ. ಕರೆದ ದಿನ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಬಂದರು.

ನ್ಯಾಯಾಧೀಶರು ನೇರ ವಿಷಯಕ್ಕೆ ಬಂದರು. "ಘಟಕ ಯಾವಾಗ ಶುರು ಮಾಡ್ತೀರಿ?"

"ಕ್ರಿಯಾ ಯೋಜನೆಯಲ್ಲಿ ಸೇರಿಸಿದ್ದೇವೆ ಸರ್. ಅನುದಾನ ಬಂದ ಕೂಡಲೇ ಮಾಡ್ತೇವೆ."

"ಕೂಡಲೇ ಅಂದರೆ ಯಾವ ತಾರೀಖು?"

ಪಿಡಿಒ ಸುಮ್ಮನಾದರು. ಆಗ ಹಿಂದೆ ನಿಂತಿದ್ದ ಒಬ್ಬ ಹಿರಿಯವ್ವ ಸೆರಗಿನ ಗಂಟು ಬಿಚ್ಚಿ ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ರೇಷನ್ ಕಾರ್ಡಿನ ಜೊತೆ ಫಿಲ್ಟರಿನ ಕಾರ್ಡು. ಘಟಕದಲ್ಲಿ ಕಾಯಿನ್ ಹಾಕಬಹುದು, ಇಲ್ಲಾ ಕಾರ್ಡಿಗೆ ಮುಂಚೆಯೇ ದುಡ್ಡು ತುಂಬಿಸಿಕೊಳ್ಳಬಹುದು. ಅವರು ತುಂಬಿಸಿಕೊಂಡಿದ್ದರು. "ಸಾಹೇಬ್ರ, ಇದ್ರಾಗ ನನ್ನ ರೊಕ್ಕ ಅದ. ರೊಕ್ಕ ಅದ, ನೀರಿಲ್ಲ. ನನ್ನ ರೊಕ್ಕ ಎಲ್ಲಿ ಹೋಗ್ಯಾವ ಹೇಳ್ರಿ."

ನಾನು ಅರ್ಜಿಯಲ್ಲಿ 21ನೇ ವಿಧಿಯನ್ನೂ ಸುಭಾಷ್ ಕುಮಾರ್ ಪ್ರಕರಣವನ್ನೂ ಬರೆದಿದ್ದೆ. ಬರೆಯಬೇಕು, ಅದು ಬೇಕು. ಆದರೆ ಆ ದಿನ ಮಾತು ಮುಂದೆ ಹೋದದ್ದು ಆ ಕಾರ್ಡಿನಿಂದ. ನ್ಯಾಯಾಧೀಶರು ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದರು. ಪಿಡಿಒ ಮುಂದೆ ಇಟ್ಟರು. "ತಾರೀಖು ಬರೀರಿ, ಸಹಿ ಮಾಡ್ರಿ" ಅಂದರು.

ಎರಡೂ ಕಡೆಯವರು ಸಹಿ ಮಾಡುವ ಜಂಟಿ ಮೆಮೊ ತಯಾರಾಯಿತು. ಇಂಥ ದಿನದೊಳಗೆ ಮೆಂಬ್ರೇನ್ ಬದಲಿಸುವುದು. ಅಲ್ಲಿಯವರೆಗೆ ಟ್ಯಾಂಕರ್ ನೀರು ಕೊಡುವುದು. ಮೂರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ವರದಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸುವುದು. ಫಿಲ್ಟರಿನಿಂದ ಹೊರಬರುವ ತ್ಯಾಜ್ಯ ನೀರು ಓಣಿಯಲ್ಲಿ ನಿಲ್ಲದಂತೆ ಗಟಾರಕ್ಕೆ ಜೋಡಿಸುವುದು. ಈ ಕೊನೆಯದನ್ನು ಸೇರಿಸಿ ಎಂದವರು ಘಟಕದ ಎದುರು ಮನೆಯ ಸೊಸೆ. ಅದು ನನಗೆ ಹೊಳೆದಿರಲೇ ಇಲ್ಲ.

ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ತೂಕ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹಾಗೆ ಹೇಳುತ್ತದೆ. ಅದರ ಮೇಲೆ ಅಪೀಲು ಇಲ್ಲ. ಪಾಲಿಸದಿದ್ದರೆ ಜಾರಿ ಅರ್ಜಿ ಹಾಕಬಹುದು. ಘಟಕ ಶುರುವಾಯಿತು. ಮುಂದೊಂದು ಬೇಸಿಗೆಗೆ ಮತ್ತೆ ಕೆಟ್ಟಿತು. ಆ ಸಲ ಹೆಂಗಸರು ಮೆಂಬರ್ ಮನೆಗೆ ಹೋಗಲಿಲ್ಲ, ನನ್ನ ಬಳಿಗೂ ಬರಲಿಲ್ಲ. ಮೆಮೊದ ಜೆರಾಕ್ಸ್ ಹಿಡಿದು ಪಂಚಾಯ್ತಿ ಕಟ್ಟೆಯ ಮೇಲೆ ಕೂತರು. ರಿಪೇರಿ ಆಯಿತು.

ಆ ಪಿಡಿಒ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಒಮ್ಮೆ ಸಿಕ್ಕಾಗ ಅವರೇ ಹೇಳಿದರು, "ಮೇಡಂ, ಕೋರ್ಟಿನ ಕಾಗದ ತೋರಿಸಿದ ಮೇಲೆ ಮೇಲಿನಿಂದ ಮಂಜೂರಿ ಬಂತು." ಕೆಳಗಿನ ಅಧಿಕಾರಿ ಬರೆದ ಪತ್ರ ಮೇಲಿನ ಟೇಬಲ್ಲಿನಲ್ಲಿ ಮಲಗಿರುತ್ತದೆ. ಅದೇ ಪತ್ರದ ಜೊತೆ ಕೋರ್ಟಿನ ಆದೇಶ ಇದ್ದರೆ ಏಳುತ್ತದೆ. ಕೋರ್ಟು ಪೈಪು ಹಾಕುವುದಿಲ್ಲ, ಮೋಟಾರು ಕೂರಿಸುವುದಿಲ್ಲ. ಒಬ್ಬ ವ್ಯಕ್ತಿಯ ಹೆಸರು, ಒಂದು ಕೆಲಸ, ಒಂದು ತಾರೀಖು, ಈ ಮೂರನ್ನೂ ಒಂದೇ ಹಾಳೆಗೆ ತರುತ್ತದೆ. ಇಷ್ಟು ವರ್ಷದ ವಕೀಲಿಯಲ್ಲಿ ನೀರಿನ ಹಕ್ಕು ಕೈಗೆ ಸಿಕ್ಕಿದ್ದನ್ನು ನಾನು ನೋಡಿದ್ದು ಆ ಹಾಳೆಯಲ್ಲೇ. ಹಾಗಾಗಿ ಯಾವ ಕಚೇರಿಗೆ ಹೋದರೂ ಒಂದೇ ಮಾತು ಹೇಳಿ ಕಳಿಸುತ್ತೇನೆ. ತಾರೀಖು ಬರೆಸಿಕೊಳ್ಳದೆ ಎದ್ದು ಬರಬೇಡಿ.

ಅನುದಾನ ಇಲ್ಲ ಎನ್ನುವ ಉತ್ತರಕ್ಕೂ ಒಂದು ಮಾತು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣದಲ್ಲಿ ನೀರು ಸರಬರಾಜಿನ ನಿರ್ವಹಣೆ, ಗಂಡಸರಿಗೆ ಹೆಂಗಸರಿಗೆ ಸಮುದಾಯ ಶೌಚಾಲಯ, ಇವೆಲ್ಲ ಗ್ರಾಮ ಪಂಚಾಯ್ತಿ ಮಾಡಲೇಬೇಕಾದ ಕೆಲಸಗಳ ಪಟ್ಟಿಯಲ್ಲಿವೆ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯ್ತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಆ ಹಣ ಎಲ್ಲಿ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರವನ್ನು ಅರ್ಜಿಯ ಜೊತೆ ಲಗತ್ತಿಸಿ. ಆಮೇಲೆ ಅನುದಾನದ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ.

ನೀರಿನ ಕೇಸಿನಲ್ಲಿ ಜಾತಿಯ ಮಾತು ಯಾಕೆ ಎಂದು ಕೆಲವು ಹಿರಿಯ ವಕೀಲರು ಕೇಳುತ್ತಾರೆ. ನಮ್ಮ ದೇಶದಲ್ಲಿ ನೀರಿನ ಹಕ್ಕಿನ ಮೊದಲ ದೊಡ್ಡ ಕೇಸೇ ಅದರದ್ದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಸವರ್ಣೀಯರು ಕೋರ್ಟಿಗೆ ಹೋದರು. ಅಸ್ಪೃಶ್ಯರನ್ನು ದೂರ ಇಡುವುದು ನಮ್ಮ ಪುರಾತನ ಪದ್ಧತಿ ಎಂದು ವಾದ ಮಾಡಿದರು. ಆ ಪದ್ಧತಿ ಸಾಬೀತಾಗಿಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿದ್ದು 1937ರ ಮಾರ್ಚ್ 17ರಂದು. ಒಂದು ಬೊಗಸೆ ನೀರಿಗೆ ಹತ್ತು ವರ್ಷ. ಆಮೇಲೆ ಸಂವಿಧಾನ ಬಂತು. ಬಾವಿ, ಕೆರೆ, ಸ್ನಾನಘಟ್ಟ ಬಳಸುವುದಕ್ಕೆ ಜಾತಿಯ ಕಾರಣಕ್ಕೆ ತಡೆ ಒಡ್ಡಬಾರದು ಎಂದು 15ನೇ ವಿಧಿ ಹೇಳಿತು. ಅಷ್ಟಾದ ಮೇಲೂ ನಮ್ಮ ಕರ್ನಾಟಕದ ಒಂದು ಹಳ್ಳಿಯಲ್ಲಿ ಹೊಸದಾಗಿ ಕೊರೆದ ಬೋರಿನಿಂದ ದಲಿತರು ನೀರು ತುಂಬದಂತೆ ಬೆದರಿಸಿ ತಡೆದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಟ್ಟಿತು. 1992ರಲ್ಲಿ ಅಪ್ಪಾ ಬಾಳು ಇಂಗಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು.

ಈಗ ಯಾರೂ ಹಾಗೆ ಎದುರಿಗೆ ನಿಂತು ತಡೆಯುವುದು ಕಡಿಮೆ. ಈಗ ವಾಲ್ವ್ ಇದೆ. ಮನೆಮನೆಗೆ ನಳ ಕೊಟ್ಟಿದ್ದಾರೆ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ಆದರೆ ಕೇರಿ ಪೈಪಿನ ಕೊನೆಗಿರುತ್ತದೆ. ಮೇಲಿನ ಓಣಿಯವರು ನಳಕ್ಕೆ ಮೋಟಾರು ಹಚ್ಚುತ್ತಾರೆ. ಕೇರಿಗೆ ಬರುವಷ್ಟರಲ್ಲಿ ಬರೀ ಗಾಳಿ. ಇದು ತಪ್ಪು ಎಂದು ಯಾರ ಕಡೆ ಬೆರಳು ತೋರಿಸಬೇಕು? ಅದಕ್ಕೇ ನಾನು ಈಚಿನ ಅರ್ಜಿಗಳಲ್ಲಿ ಯಾವ ಓಣಿಗೆ ಎಷ್ಟು ಗಂಟೆಗೆ, ಎಷ್ಟು ಹೊತ್ತು ನೀರು ಎಂದು ಬರೆದು ಗೋಡೆಗೆ ಹಾಕಿಸಿ ಎಂದು ಕೇಳುತ್ತೇನೆ. ನೀರಗಂಟಿಗೂ ಅದು ಅನುಕೂಲ. ಮೇಲಿನ ಓಣಿಯವರು ಜಬರಿಸಿದರೆ ಗೋಡೆ ತೋರಿಸಬಹುದು.

ಇನ್ನು ಪಾಯಖಾನೆ. ಈ ವಿಷಯದಲ್ಲಿ ಕೋರ್ಟು ಮೊದಲು ತನ್ನ ಮನೆಯನ್ನೇ ನೋಡಿಕೊಳ್ಳಬೇಕಿತ್ತು. ನಾನು ಜೂನಿಯರ್ ಆಗಿ ಸೇರಿದ ಕೋರ್ಟಿನಲ್ಲಿ ಹೆಣ್ಣುಮಕ್ಕಳಿಗೆಂದು ಇದ್ದದ್ದು ಒಂದೇ ಪಾಯಖಾನೆ. ಅದಕ್ಕೆ ಬೀಗ. ಕೀಲಿಕೈ ಒಳಗೆ ಕೂತ ಗಂಡಸರ ಹತ್ತಿರ. ಒಳಗೆ ಹೋದರೆ ಬಕೆಟ್ ಇದ್ದರೆ ನೀರಿಲ್ಲ. ಸೀನಿಯರ್ ಅಕ್ಕ ಮೊದಲ ದಿನವೇ ಹೇಳಿಕೊಟ್ಟಿದ್ದರು, "ಬೆಳಗ್ಗೆ ಚಹಾ ಬಿಟ್ಟರೆ ಏನೂ ಕುಡಿಯಬೇಡ." ಕಲಬುರಗಿ ಸೀಮೆಯ ಏಪ್ರಿಲ್ ಬಿಸಿಲು, ಮೈಮೇಲೆ ಕರಿ ಕೋಟು. ನಮ್ಮ ಕಷ್ಟವಾದರೂ ಪರವಾಗಿಲ್ಲ. ಜೀವನಾಂಶದ ಕೇಸಿಗೆ ಮೊದಲ ಬಸ್ಸಿಗೆ ಬಂದ ಹೆಣ್ಣುಮಗಳು ಕೂಸನ್ನು ಕಟ್ಟಿಕೊಂಡು ಮಧ್ಯಾಹ್ನ ಮೂರರವರೆಗೆ ಬೇವಿನ ಮರದ ಕೆಳಗೆ ಕೂರುತ್ತಾಳೆ. ತನ್ನ ಹೆಸರು ಯಾವಾಗ ಕೂಗುತ್ತಾರೋ ಗೊತ್ತಿಲ್ಲ. ಎದ್ದು ಹೋದರೆ ಕೇಸು ಕರೆದು ಗೈರು ಎಂದು ಬರೆದರೆ? ಹೋಗುವುದಾದರೂ ಎಲ್ಲಿಗೆ? ಎದುರು ಪಕ್ಷದ ಗಂಡ, ಮಾವ, ಮೈದುನರೆಲ್ಲ ಗೋಡೆಯ ಹಿಂದೆ ಆರಾಮಾಗಿ ಹೋಗಿ ಬರುತ್ತಾರೆ. ಇಬ್ಬರೂ ಒಂದೇ ನ್ಯಾಯ ಕೇಳಲು ಬಂದವರು.

2025ರ ಜನವರಿ 15ರಂದು ರಾಜೀಬ್ ಕಲಿತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಸುಪ್ರೀಂ ಕೋರ್ಟ್ ಪೀಠ ಈ ನೋವಿಗೆ ಮಾತು ಕೊಟ್ಟಿತು. ದೇಶದ ಎಲ್ಲ ಕೋರ್ಟು, ನ್ಯಾಯಮಂಡಳಿಗಳಲ್ಲಿ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶೌಚಾಲಯ ಇರಲೇಬೇಕು, ಇದು 21ನೇ ವಿಧಿಯ ಹಕ್ಕು ಎಂದಿತು. ಪ್ರತಿ ಹೈಕೋರ್ಟೂ ಸಮಿತಿ ಮಾಡಬೇಕು, ನಾಲ್ಕು ತಿಂಗಳಲ್ಲಿ ವರದಿ ಕೊಡಬೇಕು ಎಂದು ಗಡುವು ಹಾಕಿತು. ಆ ತೀರ್ಪಿನ ಪ್ರತಿಯನ್ನು ನಮ್ಮ ಬಾರ್ ರೂಮಿನ ಗೋಡೆಗೆ ನಾವು ಮಹಿಳಾ ವಕೀಲರು ಅಂಟಿಸಿದ್ದೇವೆ. ಕಕ್ಷಿದಾರರು ಓದಲಿ, ಕೇಳಲಿ ಎಂದು.

ಶಾಲೆಗಳದ್ದು ಇದಕ್ಕಿಂತ ಹಳೆಯ ಆದೇಶ. ಪ್ರತಿ ಶಾಲೆಯಲ್ಲೂ ಆರು ತಿಂಗಳಲ್ಲಿ ಕುಡಿಯುವ ನೀರು, ಹೆಣ್ಣು ಗಂಡು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಅಕ್ಟೋಬರಿನಲ್ಲಿ. ಕಟ್ಟಡಗಳು ಎದ್ದವು, ಸುಳ್ಳಲ್ಲ. ಆದರೆ ಕಾನೂನು ಅರಿವು ಕಾರ್ಯಕ್ರಮಕ್ಕೆ ಹೋದಾಗ ಒಂದು ಶಾಲೆಯ ಶೌಚಾಲಯದ ಬಾಗಿಲು ತೆಗೆಸಿದೆ. ಒಳಗೆ ಬಿಸಿಯೂಟದ ಸೌದೆ, ಮುರಿದ ಬೆಂಚು. ನಳಕ್ಕೆ ಪೈಪಿನ ಸಂಪರ್ಕವೇ ಇರಲಿಲ್ಲ. ನೀರಿಲ್ಲದೆ ಶೌಚಾಲಯ ಹೇಗೆ ನಡೆಯಬೇಕು? ಎಂಟನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಶಾಲೆಗೆ ಬರುವುದಿಲ್ಲ ಎಂದು ಟೀಚರ್ ತಗ್ಗಿದ ದನಿಯಲ್ಲಿ ಹೇಳಿದರು. ಆದೇಶ ಪಾಲಿಸಿದ್ದೇವೆ ಎಂದು ಅಫಿಡವಿಟ್ ಹಾಕುವಾಗ ಕಟ್ಟಡದ ಫೋಟೋ ಸಾಕಾಗುತ್ತದೆ. ನಳ ತಿರುಗಿಸಿ ನೋಡಿದ ಫೋಟೋ ಬೇಕೆಂದು ಕೋರ್ಟುಗಳು ಕೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಗಟಾರಕ್ಕೆ ಇಳಿದು ಸಾಯುವವರ ವಿಷಯದಲ್ಲಿ ಸುಪ್ರೀಂ ಕೋರ್ಟು ಇನ್ನೂ ಗಟ್ಟಿಯಾಗಿ ಮಾತಾಡಿದೆ. 2014ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯಲ್ಲಿ, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದಿತ್ತು. 2023ರ ಅಕ್ಟೋಬರ್ 20ರಂದು ಬಲರಾಂ ಸಿಂಗ್ ಪ್ರಕರಣದಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಆ ಪೀಠದಲ್ಲಿ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಜೊತೆ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಅರವಿಂದ್ ಕುಮಾರ್ ಇದ್ದರು. ನಿಮ್ಮ ಊರಲ್ಲಿ ಅಂಥ ಸಾವಾದರೆ, ಗುತ್ತಿಗೆದಾರ ಕೈಗೆ ಇಟ್ಟಷ್ಟು ತೆಗೆದುಕೊಂಡು ಸುಮ್ಮನಾಗಿ ಎಂದು ಹೇಳುವವರು ಬಂದೇ ಬರುತ್ತಾರೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಕಾನೂನು ಸೇವಾ ಸಮಿತಿಗೆ ಬನ್ನಿ.

ಕೋರ್ಟು ತಡ ಮಾಡುತ್ತದೆ ಎಂಬ ದೂರು ನಿಜ. ನೀರಿಗೆ ಮುಂದಿನ ತಾರೀಖಿನವರೆಗೆ ಕಾಯಲು ಆಗುವುದಿಲ್ಲ. ಹಾಗಾಗಿ ಅರ್ಜಿಯಲ್ಲೇ ಮಧ್ಯಂತರ ಆದೇಶ ಕೇಳಬೇಕು. ದೊಡ್ಡ ವಿಷಯ ಇತ್ಯರ್ಥವಾಗುವವರೆಗೆ ಟ್ಯಾಂಕರ್ ಬಿಡಿಸಿ, ಖಾಸಗಿ ಬೋರು ಬಾಡಿಗೆಗೆ ಹಿಡಿಯಿರಿ ಎಂದು. ಇವೆರಡನ್ನೂ ಸರ್ಕಾರ ಪ್ರತಿ ಬರದಲ್ಲೂ ಮಾಡುತ್ತಲೇ ಬಂದಿದೆ, ಆಗದ ಕೆಲಸವೇನಲ್ಲ. ಕುಡಿಯುವ ನೀರಿನ ಸರ್ಕಾರಿ ಬೋರಿನ ಪಕ್ಕದಲ್ಲೇ ಯಾರಾದರೂ ಹೊಸ ಬೋರು ಕೊರೆಸುತ್ತಿದ್ದರೆ ಅದನ್ನೂ ಬರೆಯಿರಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರು ಕೊರೆಸುವಂತಿಲ್ಲ ಎಂದು ಕರ್ನಾಟಕದ 1999ರ ಅಂತರ್ಜಲ ಕಾಯ್ದೆ ಹೇಳುತ್ತದೆ.

ಬರುವಾಗ ಏನು ತರಬೇಕು ಎಂದು ಎಲ್ಲರೂ ಕೇಳುತ್ತಾರೆ. ನೀರಿನ ಪರೀಕ್ಷೆಯ ವರದಿ ಇದ್ದರೆ ಅರ್ಧ ಕೆಲಸ ಆದಂತೆ. ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕೊಡುವಾಗ ಯಾವ ಬೋರು, ಯಾವ ದಿನ ಎಂದು ಬಾಟಲಿ ಮೇಲೆ ಬರೆಯಿರಿ. ಪಂಚಾಯ್ತಿಗೆ ಕೊಟ್ಟ ಹಳೆ ಮನವಿಗಳಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದರೆ ಅವನ್ನು ತನ್ನಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಆ ಚೀಟಿ ಇಟ್ಟುಕೊಳ್ಳಿ. ಫೋಟೋ ತೆಗೆಯುವಾಗ ದಿನಾಂಕ ಕಾಣಲಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಕಾನೂನು ಸೇವೆಯ ಸಹಾಯವಾಣಿ 15100. ಅರ್ಜಿ ಕನ್ನಡದಲ್ಲೇ ಇರಲಿ. ಬರೆಯಲು ಬಾರದಿದ್ದರೆ ಸಮಿತಿಯ ಕಚೇರಿಯಲ್ಲಿ ಬಾಯಲ್ಲಿ ಹೇಳಿ, ಬರೆದುಕೊಳ್ಳುತ್ತಾರೆ. ಓದಿ ಹೇಳಿದ ಮೇಲೆ ಸಹಿ ಮಾಡಿ, ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ.